111 ಮೂರರಿಂದ ಯಾಕೆ ಭಾಗವಾಗುವುದಿಲ್ಲ?

ಪ್ರಶ್ನೆ: ಸರ್, ಆಧಾರ ಮೂರರಲ್ಲಿ, ಅಂದರೆ 0, 1, 2 ಈ ಮೂರೇ ಅಂಕಿಗಳನ್ನು ಬಳಸಿ 13ನ್ನು ಬರೆದರೆ 111 ಬರುತ್ತದೆ. ಅಂಕಿಗಳನ್ನು ಕೂಡಿದರೆ 3. ಹಾಗಾದರೆ ಅದು ಮೂರರಿಂದ ಭಾಗವಾಗಬೇಕಲ್ವಾ? ಆದರೆ 13 ಅವಿಭಾಜ್ಯ. ಬರೀ ಒಂದುಗಳನ್ನು ಸಾಲಾಗಿ ಬರೆದರೆ ಯಾವಾಗಲೂ ಅವಿಭಾಜ್ಯವೇ ಬರುತ್ತದಾ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಸೇಡಂ

ಉತ್ತರ: ಭಾಳ ಛಲೋ ಪ್ರಶ್ನೆ ಕೇಳಿದ್ದೀಯಮ್ಮ. ಕಲಬುರಗಿಯಲ್ಲಿ ಇಷ್ಟು ವರ್ಷ ಗಣಿತ ಹೇಳಿಕೊಟ್ಟ ನನಗೆ ಇಂಥ ಪತ್ರ ಬಂದರೆ ಊಟಕ್ಕೂ ಏಳಲು ಮನಸ್ಸಾಗುವುದಿಲ್ಲ.

ಅಂಕಿ ಕೂಡಿ ನೋಡುವ ಉಪಾಯ ದಶಮಾನದಲ್ಲಿ ನಡೆಯುವುದಕ್ಕೆ ಕಾರಣವಿದೆ. 10, 100, 1000 ಯಾವುದನ್ನೇ ಮೂರರಿಂದ ಭಾಗಿಸು, 1 ಉಳಿಯುತ್ತದೆ. ಆಧಾರ ಮೂರರಲ್ಲಿ ಸ್ಥಾನಗಳ ಬೆಲೆ 1, 3, 9, 27. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ತೂಗಲು ಇದೇ ಬೆಲೆಯ ತೂಕದ ಕಲ್ಲುಗಳಿವೆ ಅಂದುಕೋ. 9, 3, 1 ಕಿಲೋ ಒಂದೊಂದು ಇಟ್ಟರೆ 13 ಕಿಲೋ. ಅದೇ ನಿನ್ನ 111. ಈ ಬೆಲೆಗಳೆಲ್ಲ ಬೆಸ. ಎರಡರಿಂದ ಭಾಗಿಸಿದರೆ 1 ಉಳಿಯುತ್ತದೆ. ಹಾಗಾಗಿ ಇಲ್ಲಿ ಅಂಕಿಗಳ ಮೊತ್ತ ಸಂಖ್ಯೆ ಸಮವೋ ಬೆಸವೋ ಅನ್ನುವುದನ್ನು ಹೇಳುತ್ತದೆ, ಮೂರರ ಬಗ್ಗೆ ಏನೂ ಹೇಳುವುದಿಲ್ಲ. ಮೂರರಿಂದ ಭಾಗವಾಗುತ್ತದಾ ಅಂತ ತಿಳಿಯಲು ಕೊನೆಯ ಅಂಕಿ ಸೊನ್ನೆಯೇ ಅಂತ ನೋಡಿದರೆ ಸಾಕು.

ಎರಡುಗಳನ್ನು ಕೂಡಿದರೂ ಸಮ-ಬೆಸ ಬದಲಾಗದು, ಹಾಗಾಗಿ ಮೊತ್ತದಲ್ಲಿ ಅವನ್ನು ಬಿಟ್ಟುಬಿಡು, ಒಂದುಗಳನ್ನಷ್ಟೇ ಎಣಿಸು. 2 ಒಂದನ್ನು ಬಿಟ್ಟರೆ ಪ್ರತಿ ಅವಿಭಾಜ್ಯದಲ್ಲೂ ಒಂದುಗಳ ಎಣಿಕೆ ಬೆಸವೇ ಇರುತ್ತದೆ. 17 ಅಂದರೆ 122, 23 ಅಂದರೆ 212, 31 ಅಂದರೆ 1011. ಆದರೆ ಇದನ್ನು ತಿರುಗಿಸಿ ಹೇಳಬೇಡ. 25 ಅಂದರೆ 221, ಅದರಲ್ಲೂ ಒಂದೇ ಒಂದು 1 ಇದೆ.

ಇನ್ನು ಒಂದುಗಳ ಸಾಲು. ಮನೆಯ ಶಹಾಬಾದಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆ: 1, 4, 13, 40, 121, 364, 1093. ಪ್ರತಿ ಸಲ ಮೂರು ಪಟ್ಟು ಮಾಡಿ 1 ಕೂಡಿದರೆ ಆಯ್ತು. 1111 ಅಂದರೆ 40. ಒಂದುಗಳನ್ನು ಎರಡೆರಡಾಗಿ ಗುಂಪು ಮಾಡಬಹುದಾದ್ದರಿಂದ ಅದು 11 ಗುಣಿಸು 101, ಅಂದರೆ 4 ಗುಣಿಸು 10 ಆಗಿ ಒಡೆಯುತ್ತದೆ. ಹಾಗಾಗಿ ಸಂಖ್ಯೆ ಅವಿಭಾಜ್ಯ ಆಗಬೇಕಾದರೆ ಸಾಲಿನಲ್ಲಿರುವ ಒಂದುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಅಷ್ಟಿದ್ದರೂ ಸಾಲದು. ಐದು ಒಂದುಗಳು 121, ಅದು 11ರ ವರ್ಗ. ಹನ್ನೊಂದು ಒಂದುಗಳು 88573, ಅದನ್ನು 23 ಭಾಗಿಸುತ್ತದೆ.

ಆದರೆ ಏಳು ಒಂದುಗಳ 1093 ಅವಿಭಾಜ್ಯ. ನನಗೆ ಅತಿ ಪ್ರೀತಿಯ ಸಂಖ್ಯೆ ಅದು. 2ರ ಘಾತ 1092ರಿಂದ 1 ಕಳೆದರೆ ಉಳಿಯುವುದನ್ನು 1093 ಭಾಗಿಸುತ್ತದೆ. ಫರ್ಮಾನ ಚಿಕ್ಕ ಪ್ರಮೇಯದ ಪ್ರಕಾರ ಪ್ರತಿ ಬೆಸ ಅವಿಭಾಜ್ಯಕ್ಕೂ, ಘಾತ ಅದಕ್ಕಿಂತ ಒಂದು ಕಡಿಮೆ ಇಟ್ಟರೆ, ಅಷ್ಟು ಆಗಲೇಬೇಕು. ಆದರೆ 1093ರ ವರ್ಗವೂ ಅದನ್ನು ಭಾಗಿಸುತ್ತದೆ! 1913ರಲ್ಲಿ ಗಣಿತಜ್ಞ ಮೈಸ್ನರ್ ಇದನ್ನು ಕಂಡುಹಿಡಿದರು. ಇಂಥ ಗುಣದ ಇನ್ನೊಂದೇ ಅವಿಭಾಜ್ಯ ಗೊತ್ತಿದೆ, 3511. ಕಂಪ್ಯೂಟರ್‌ಗಳು ಎಷ್ಟು ಹುಡುಕಿದರೂ ಮೂರನೆಯದು ಸಿಕ್ಕಿಲ್ಲ. 3511 ಆಧಾರ ಮೂರರಲ್ಲಿ 11211001. ಒಂದುಗಳನ್ನು ಎಣಿಸಿ ನೋಡು, ಐದಿವೆ.

1093ರ ನಂತರ ಹದಿಮೂರು ಒಂದುಗಳ ಸಾಲು ಅವಿಭಾಜ್ಯ, 797161. ಅದಾದ ಮೇಲೆ ಎಪ್ಪತ್ತೊಂದು ಒಂದುಗಳವರೆಗೆ ಕಾಯಬೇಕು. ಇಂಥ ಸಾಲುಗಳು ಎಂದಾದರೂ ಮುಗಿಯುತ್ತವೆಯೇ ಅನ್ನುವುದನ್ನು ಇನ್ನೂ ಯಾರೂ ಸಾಧಿಸಿಲ್ಲ.