ನಾಲೆ ಏರಿ, ಬಂಡಿದಾರಿ, ಎರೆ ಮಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಂಡ್ಯಕ್ಕೆ ಹೊಸದಾಗಿ ಬಂದಿದ್ದೇವೆ. ಬೆಳಿಗ್ಗೆ ನಡೆಯಲು, ಸೈಕಲ್ ತುಳಿಯಲು ಹೆದ್ದಾರಿ ಬಿಟ್ಟರೆ ಬೇರೆ ದಾರಿ ಕಾಣುತ್ತಿಲ್ಲ. ಎಲ್ಲಿ ಹುಡುಕಬೇಕು?

ಉತ್ತರ: ಮೊದಲು ನೀರಿನ ಗೆರೆ ಹಿಡಿಯಿರಿ. ವಿಶ್ವೇಶ್ವರಯ್ಯ ನಾಲೆ, ಅದರ ಉಪನಾಲೆಗಳ ಏರಿ ಮೇಲೆ ನಿರ್ವಹಣೆಗೆಂದು ಬಿಟ್ಟ ಮಣ್ಣುದಾರಿ ಉದ್ದಕ್ಕೂ ಸಿಗುತ್ತದೆ. ನಾಲೆಯ ಇಳಿಜಾರು ತೀರಾ ಕಡಿಮೆ, ಹಾಗಾಗಿ ಏರಿಯೂ ಬಹುತೇಕ ಸಪಾಟು. ಮಕ್ಕಳೂ ವಯಸ್ಸಾದವರೂ ದಣಿಯದೆ ಸಾಗಬಹುದು.

ಫೋನಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಂಡು ಕರ್ನಾಟಕದ ನಕ್ಷೆ ಇಳಿಸಿಕೊಳ್ಳಿ, ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತದೆ. ನೀಲಿ ಗೆರೆಯ ಮಗ್ಗುಲಲ್ಲೇ ಓಡುವ ತುಂಡು ಗೆರೆಗಳನ್ನು ಗುರುತಿಸಿ, ಅವನ್ನೇ ಬೇರೆ ನಕ್ಷೆ ಆ್ಯಪ್‌ನ ಉಪಗ್ರಹ ಚಿತ್ರದಲ್ಲಿ ನೋಡಿ. ಗದ್ದೆಯ ಹಸಿರಿನ ನಡುವೆ ಬಿಳಿಚಿದ ಪಟ್ಟಿ ಕಡಿಯದೆ ಹೋಗಿದ್ದರೆ ಗಾಡಿ ಓಡಾಡುವ ದಾರಿ. ತೆಂಗಿನ ತೋಟ ಬಂದಲ್ಲಿ ಪಟ್ಟಿ ಮರೆಯಾಗುತ್ತದೆ, ಅಷ್ಟಕ್ಕೇ ದಾರಿ ಮುಗಿಯಿತು ಎಂದುಕೊಳ್ಳಬೇಡಿ. ಹುಲಿಕೆರೆ ಬಳಿ ಮಾತ್ರ ನಾಲೆಯೇ ಸುರಂಗ ಹೊಗುತ್ತದೆ, ಅಲ್ಲಿ ಊರ ರಸ್ತೆಗೆ ಇಳಿಯಲೇಬೇಕು.

ಗುಡ್ಡದ ಕಡೆ ಹೋಗುವಾಗ ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಬೇಕು. ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು (ಕಾಂಟೂರ್) ಒಂದಕ್ಕಿಂತ ಒಂದು 20 ಮೀಟರ್ ಎತ್ತರದಲ್ಲಿದ್ದು, ಆ 2 ಸೆಂ.ಮೀ. ದಾರಿ ಐದು ಗೆರೆ ಹತ್ತಿದರೆ ಏರು ಶೇ. 10. ಮಣ್ಣುದಾರಿಯಲ್ಲಿ ಅಷ್ಟು ಏರಿದ್ದರೆ ಹೊಸಬರು ಸೈಕಲ್ ತಳ್ಳಿಕೊಂಡೇ ಹತ್ತಬೇಕಾದೀತು.

ಒಂದು ಮಾತು ಒತ್ತಿ ಹೇಳಬೇಕು. ಏರಿಗೆ ತಡೆಗೋಡೆ ಇರುವುದಿಲ್ಲ. ಕಾಂಕ್ರೀಟ್ ಹೊದಿಸಿದ ನಾಲೆಯ ಇಳಿಜಾರಿಗೆ ಪಾಚಿ ಕಟ್ಟಿರುತ್ತದೆ. ಜಾರಿ ಬಿದ್ದರೆ ಈಜು ಬಲ್ಲವರೂ ಮೇಲೆ ಹತ್ತಲಾರರು, ಹಿಡಿಯಲು ಆಸರೆಯೇ ಇಲ್ಲ. ನೀರಿನಿಂದ ದೂರದ ಅಂಚಿನಲ್ಲೇ ಸಾಗಿ, ಕೈಕಾಲು ತೊಳೆಯಲು ಮೆಟ್ಟಿಲಿದ್ದಲ್ಲಿ ಮಾತ್ರ ಇಳಿಯಿರಿ, ಕತ್ತಲಾದ ಮೇಲೆ ಬೇಡವೇ ಬೇಡ.

ಪ್ರಶ್ನೆ: ಆ್ಯಪ್ ತೋರಿಸಿದ ದಾರಿ ಹೊಲದ ಮುಳ್ಳುತಂತಿಗೆ ಬಂದು ನಿಂತಿತು. ಅದು ಸಾರ್ವಜನಿಕ ದಾರಿಯೇ ಎಂದು ತಿಳಿಯುವುದು ಹೇಗೆ?

ಉತ್ತರ: ಆ್ಯಪ್‌ನಲ್ಲಿ ಗೆರೆ ಇದೆ ಎಂದರೆ ಯಾರೋ ಅಲ್ಲಿ ಓಡಾಡಿದ್ದಾರೆ ಎಂದಷ್ಟೇ ಅರ್ಥ. ಹಕ್ಕಿನ ವಿಚಾರ ಗ್ರಾಮ ನಕ್ಷೆಯಲ್ಲಿದೆ. ಅದರಲ್ಲಿ ಜೋಡಿ ತುಂಡುಗೆರೆ ಬಂಡಿದಾರಿ, ಒಂಟಿ ತುಂಡುಗೆರೆ ಕಾಲುದಾರಿ. ನೀವು ನಿಂತ ಜಾಗದ ಸರ್ವೆ ನಂಬರನ್ನು ದಿಶಾಂಕ್ ಆ್ಯಪ್ ತೋರಿಸುತ್ತದೆ. ಪಹಣಿಯಲ್ಲಿ ದಾರಿಯ ಜಾಗ ‘ಬಿ ಖರಾಬು’ ಎಂದಿದ್ದರೆ ಸಾರ್ವಜನಿಕ ಬಳಕೆಗೆ ಬಿಟ್ಟದ್ದು. ಆದರೂ ತಂತಿ ದಾಟಿ ವಾದಕ್ಕೆ ನಿಲ್ಲಬೇಡಿ. ಹೊಲದಲ್ಲಿದ್ದವರನ್ನು ‘ಯಜಮಾನ್ರೇ, ಆಚೆ ಊರಿಗೆ ಬಂಡಿದಾರಿ ಯಾವ ಕಡೆ?’ ಎಂದು ಕೇಳಿ. ಬೇಸಾಯದವರು ತೋರಿಸುವ ದಾರಿ ಎಷ್ಟೋ ಸಲ ಆ್ಯಪ್ ತೋರಿಸಿದ್ದಕ್ಕಿಂತ ಚೆನ್ನಾಗಿರುತ್ತದೆ.

ಪ್ರಶ್ನೆ: ಗದಗ ಕಡೆಯ ಹೊಲದ ದಾರಿಯಲ್ಲಿ ಮಳೆ ಬಂದ ಮರುದಿನ ಸೈಕಲ್ ಚಕ್ರವೇ ತಿರುಗಲಿಲ್ಲ. ಟೈರ್ ಬದಲಿಸಬೇಕೆ?

ಉತ್ತರ: ಟೈರ್ ಬದಲಿಸಿ ಪ್ರಯೋಜನವಿಲ್ಲ, ಅದು ಎರೆ ಮಣ್ಣಿನ ಗುಣ. ಒದ್ದೆಯಾದರೆ ಪದರದ ಮೇಲೆ ಪದರ ಅಂಟಿ ಟೈರಿಗೂ ಫೋರ್ಕಿಗೂ ನಡುವಿನ ಸಂದು ತುಂಬುತ್ತದೆ. ಮಡ್‌ಗಾರ್ಡ್ ಇದ್ದರೆ ಇನ್ನೂ ಬೇಗ. ಆಗ ಬಲ ಹಾಕಿ ತುಳಿದರೆ ಹಿಂದಿನ ಗೇರನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯಬಹುದು. ಇಳಿದು, ಕಡ್ಡಿಯಿಂದ ಕೆರೆದು, ಅಂಚಿನ ಹುಲ್ಲಿನ ಮೇಲೆ ತಳ್ಳಿಕೊಂಡು ಬನ್ನಿ. ಮನೆಯಲ್ಲಿ ಮಣ್ಣು ನೆನೆಸಿ ಬ್ರಷ್‌ನಿಂದ ತೆಗೆಯಿರಿ. ಪ್ರೆಷರ್ ನೀರು ಹೊಡೆದರೆ ಬೇರಿಂಗ್‌ನ ಗ್ರೀಸ್ ತೊಳೆದುಹೋಗುತ್ತದೆ. ಜೋರು ಮಳೆಯಾದರೆ ಎರಡು ಮೂರು ದಿನ ಒಳ್ಳೆಯ ಬಿಸಿಲು ಬೀಳುವ ತನಕ ಕಾಯಿರಿ, ಕೆಂಪು ಮಣ್ಣಾದರೆ ಬೇಗ ಬಸಿಯುತ್ತದೆ. ಒಣ ದಿನಗಳಲ್ಲಿ 35–40 ಮಿ.ಮೀ. ಅಗಲದ ಟೈರ್, 40–50 ಪಿಎಸ್‌ಐ ಗಾಳಿ ಸಾಕು. ಜಾಲಿ ಮುಳ್ಳಿನ ಸೀಮೆ, ಎರಡು ಟ್ಯೂಬ್ ಒಯ್ಯಿರಿ. ಹೊಸ ಟ್ಯೂಬ್ ಹಾಕುವ ಮುನ್ನ ಟೈರಿನ ಒಳಗೆ ಬೆರಳಾಡಿಸಿ, ಮುರಿದ ಮುಳ್ಳಿನ ತುದಿ ಅಲ್ಲೇ ಉಳಿದಿದ್ದರೆ ಹೊಸದೂ ಪಂಕ್ಚರ್.

ಪ್ರಶ್ನೆ: ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ ನಡೆಯಬಹುದೇ?

ಉತ್ತರ: ಬೇಡ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡವಾಗಬಹುದು. ಆ ಹಳಿಯಲ್ಲಿ ಈಗಲೂ ರೈಲು ಓಡುತ್ತದೆ, ಸುರಂಗದೊಳಗೆ ಪಕ್ಕಕ್ಕೆ ಸರಿಯಲು ಜಾಗ ಇಕ್ಕಟ್ಟು. ಘಟ್ಟದ ಆ ಚೆಲುವನ್ನು ಹಗಲು ರೈಲಿನ ಕಿಟಕಿಯಿಂದ ನೋಡಿ. ನಡೆಯಲೇಬೇಕೆಂದರೆ ಅರಣ್ಯ ಇಲಾಖೆ ಅನುಮತಿಸಿದ ಚಾರಣದ ದಾರಿಯನ್ನು ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಕಾಯ್ದಿರಿಸಿಕೊಳ್ಳಿ.