ಓಡಿಸದ ಕಾರು ಮನೆ ಮುಂದೆ ನಿಂತಿದ್ದಕ್ಕೆ ನೋಟಿಸ್ ಯಾಕೆ?

ನಿಮ್ಮ ಕಾರಿಗೆ ನೋಟಿಸ್ ಅಂಟಿಸಿರುವುದು ಬಹುಶಃ ಅದರ ನೋಂದಣಿಯ ಅವಧಿ ಮುಗಿದಿರುವುದಕ್ಕೇ. ಓಡಿಸದೆ ಸುಮ್ನೆ ನಿಲ್ಲಿಸಿದ್ದೇನೆ ಎಂಬ ನಿಮ್ಮ ವಾದ ಸಾಮಾನ್ಯವಾಗಿ ನಡೆಯುವುದಿಲ್ಲ. ನಿಮ್ಮ ಗೇಟಿನ ಎದುರೇ ಇದ್ದರೂ ಅದು ಸಾರ್ವಜನಿಕ ರಸ್ತೆ, ಅಲ್ವಾ? ಅಲ್ಲಿ ನಿಂತ ಗಾಡಿಗೂ ನೋಂದಣಿ ಇರಬೇಕು ಎನ್ನುವುದೇ ಹೆಚ್ಚಿನ ಕಡೆಯ ನಿಯಮ.

ಮೊದಲು ನೋಟಿಸಿನ ಫೋಟೋ ತೆಗೆದು ಗಡುವು ನೋಡಿ. ಅದು ಒಂದೊಂದು ಊರಿನಲ್ಲಿ ಒಂದೊಂದು ಥರ ಇರುತ್ತದೆ. ಅಷ್ಟರೊಳಗೆ ಕಾರನ್ನು ನಿಮ್ಮ ಅಂಗಳಕ್ಕೋ ಗೆಳೆಯರ ಜಾಗಕ್ಕೋ ಸಾಗಿಸಿ. ಓಡಿಸಿಕೊಂಡು ಹೋಗಬೇಡಿ, ಹಗ್ಗ ಕಟ್ಟಿ ಎಳೆಸಲೂ ಬೇಡಿ. ಚಕ್ರ ರಸ್ತೆಯಲ್ಲಿ ಉರುಳಿದರೆ ಇನ್ನೊಂದು ದಂಡ ಬೀಳಬಹುದು. ಪೂರ್ತಿ ಮೇಲೇರಿಸಿಕೊಂಡು ಹೋಗುವ ಟೋಯಿಂಗ್ ಲಾರಿಯೇ ಸರಿ. ಕವರ್ ಹೊದಿಸಿ ಮುಚ್ಚಿಡುವ ಉಪಾಯವಂತೂ ಬೇಡ, ಯಾರೋ ಬಿಟ್ಟುಹೋದ ಗಾಡಿ ಅನ್ನೋ ಅನುಮಾನ ಜಾಸ್ತಿಯಾಗುತ್ತದೆ. ಸಾಗಿಸಿದ ಮೇಲೆ ನೋಟಿಸ್ ಕೊಟ್ಟ ಕಚೇರಿಗೆ ಬರೆದು ತಿಳಿಸಿ, ಖಾಲಿಯಾದ ಜಾಗದ ಫೋಟೋ ಸೇರಿಸಿ.