ವಿಳಾಸ ಇಲ್ಲದ ಕೂಟಕ್ಕೂ ನೋಟಿಸ್ ಬರುತ್ತೆ!

ಪತ್ರ: ‘ನಾನು ಒಂದು ಡಾವೊ, ಅಂದರೆ ಇಂಟರ್ನೆಟ್‌ನಲ್ಲಿ ಸದಸ್ಯರ ವೋಟಿನಿಂದಲೇ ನಡೆಯುವ ಕೂಟದ ಸದಸ್ಯ. ಕೂಟದ ಟೋಕನ್ (ಡಿಜಿಟಲ್ ನಾಣ್ಯ) ಇರುವವರೆಲ್ಲ ವೋಟ್ ಹಾಕುತ್ತೇವೆ, ವೋಟಿನ ಪ್ರಕಾರ ಕೋಡ್, ಅಂದರೆ ಕಂಪ್ಯೂಟರ್ ಪ್ರೋಗ್ರಾಂ, ದುಡ್ಡು ಬಿಡುಗಡೆ ಮಾಡುತ್ತದೆ. ಅಧ್ಯಕ್ಷರಿಲ್ಲ, ಆಫೀಸಿಲ್ಲ. ಈಗ ಕೆಲವರು ರಿಜಿಸ್ಟರ್ ಮಾಡಿಸೋಣ ಅನ್ನುತ್ತಿದ್ದಾರೆ. ಹಾಗೆ ಮಾಡಿದರೆ ಇದೂ ಇನ್ನೊಂದು ಕಂಪನಿ ಆಗಿಬಿಡುವುದಿಲ್ಲವೇ?’
– ಓದುಗರೊಬ್ಬರು, ಮೈಸೂರು

ಉತ್ತರ: ನಿಮ್ಮ ಅಳುಕು ನ್ಯಾಯವಾದದ್ದೇ. ಆದರೆ ರಿಜಿಸ್ಟರ್ ಮಾಡಿಸದಿದ್ದರೆ ಕಾನೂನಿನ ಕೈಗೆ ಸಿಗುವುದಿಲ್ಲ ಅಂದುಕೊಂಡರೆ ಎಡವುತ್ತೀರಿ.

ಅಮೆರಿಕದ ಊಕಿ ಡಾವೊ ಕಥೆ ಕೇಳಿ. ಸಾಲ ಎತ್ತಿ ಕ್ರಿಪ್ಟೊ ವಹಿವಾಟು ಮಾಡುವ ವ್ಯವಸ್ಥೆಯೊಂದನ್ನು ಕಟ್ಟಿದವರು 2021ರ ಆಗಸ್ಟ್‌ನಲ್ಲಿ ಅದನ್ನು ಟೋಕನ್‌ದಾರರ ಕೈಗೆ ಒಪ್ಪಿಸಿದರು. ಇನ್ನು ಯಾರು ಯಾರನ್ನು ಹಿಡಿಯುತ್ತಾರೆ, ಅಲ್ವಾ? 2022ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ವಾಯಿದಾ ವಹಿವಾಟು ಆಯೋಗ, ಸಿಎಫ್‌ಟಿಸಿ, ಕೇಸ್ ಹಾಕಿತು. ನೋಟಿಸ್ ಕೊಡಲು ವಿಳಾಸವೇ ಇಲ್ಲ. ಗ್ರಾಹಕರ ಸಹಾಯಕ್ಕೆಂದು ವೆಬ್‌ಸೈಟಿನಲ್ಲಿದ್ದ ಚಾಟ್ ಪೆಟ್ಟಿಗೆಗೇ ಹಾಕಿದರು! ಮುಂದೆ ಸ್ಥಾಪಕರಿಗೂ ಕೊಡಿ ಎಂದು ಕೋರ್ಟ್ ಹೇಳಿತು. ಡಾವೊ ಪರವಾಗಿ ಒಬ್ಬರೂ ಹಾಜರಾಗಲಿಲ್ಲ. 2023ರ ಜೂನ್‌ನಲ್ಲಿ 6,43,542 ಡಾಲರ್ ದಂಡ ಬಿತ್ತು, ವೆಬ್‌ಸೈಟ್ ಮುಚ್ಚಲು ಆದೇಶವಾಯಿತು.

ನಿಮಗೆ ತಟ್ಟಬೇಕಾದದ್ದು ದಂಡವಲ್ಲ, ಆಯೋಗದ ವಾದ. ವೋಟ್ ಹಾಕಿದ ಟೋಕನ್‌ದಾರರೆಲ್ಲ ರಿಜಿಸ್ಟರ್ ಆಗದ ಒಂದು ಸಂಘದ ಸದಸ್ಯರು, ಹೊಣೆ ಅವರದೂ ಹೌದು ಎಂದಿತು ಅದು. ಆಯೋಗದೊಳಗೇ ಆಗ ಸದಸ್ಯೆಯಾಗಿದ್ದ ಸಮ್ಮರ್ ಮರ್ಸಿಂಗರ್ ಇದನ್ನು ಒಪ್ಪದೆ ಬೇರೆ ಅಭಿಪ್ರಾಯ ಬರೆದರು. ನನಗೂ ಇದು ವಿಚಿತ್ರ ಅನಿಸಿತು. ಸುಮ್ನೆ ಕೂತವನು ಪಾರು, ಕೂಟದ ಕೆಲಸಕ್ಕೆ ಕೈಯೆತ್ತಿದವನಿಗೆ ಪೆಟ್ಟು ಅಂದರೆ ಇನ್ನು ವೋಟ್ ಹಾಕುವವರು ಯಾರು?

ಆದ್ದರಿಂದ ರಿಜಿಸ್ಟರ್ ಮಾಡಿಸೋಣ ಅನ್ನುವವರ ಕಡೆಗೇ ನಾನು. ಆದರೆ ಇಡೀ ಕೂಟವನ್ನು ಕಂಪನಿಯ ಅಚ್ಚಿಗೆ ಹಾಕಬೇಕಿಲ್ಲ. ಅಮೆರಿಕದ ವಯೋಮಿಂಗ್ ರಾಜ್ಯ 2021ರಲ್ಲಿ ಡಾವೊಗಳಿಗೆ ಕಂಪನಿ ರೂಪ ಕೊಟ್ಟಿತ್ತು. 2024ರಲ್ಲಿ ಇನ್ನೊಂದು ದಾರಿ ತೆರೆಯಿತು: ಕನಿಷ್ಠ 100 ಸದಸ್ಯರಿರುವ, ಲಾಭಕ್ಕಲ್ಲದ ಸಂಘ. ಅದು ಕರಾರಿಗೆ ಸಹಿ ಹಾಕಬಹುದು, ಆಸ್ತಿ ಇಟ್ಟುಕೊಳ್ಳಬಹುದು. ಸಂಘದ ಸಾಲಕ್ಕೆ ಬರೀ ಸದಸ್ಯ ಅನ್ನುವ ಕಾರಣಕ್ಕೆ ನಿಮ್ಮ ಮನೆ ಬಾಗಿಲು ತಟ್ಟುವಂತಿಲ್ಲ. ವೋಟು ಮೊದಲಿನ ಹಾಗೇ ಕೋಡಿನಲ್ಲಿ ನಡೆಯಬಹುದು. ಕೆಲಸಕ್ಕೆ ಸಂಬಳ ಕೊಡಬಹುದು, ಲಾಭ ಮಾತ್ರ ಹಂಚುವ ಹಾಗಿಲ್ಲ. ಇದು ಅಲ್ಲಿಯ ಕಾನೂನು, ನಮ್ಮಲ್ಲಿ ಡಾವೊಗೆಂದೇ ಕಾಯ್ದೆ ಇಲ್ಲ. ಹಾಗಾಗಿ ವಕೀಲರನ್ನು ಕೇಳದೆ ಹೆಜ್ಜೆ ಇಡಬೇಡಿ.

ಇನ್ನೊಂದು ಮಾತು. ಅಧ್ಯಕ್ಷರಿಲ್ಲ ಅಂದಿರಿ. ನಿಮ್ಮ ಖಜಾನೆಯಿಂದ ದುಡ್ಡು ಹೊರಗೆ ಬರಲು ಎಷ್ಟು ಜನರ ಸಹಿ ಬೇಕು? ಆ ಸಹಿ ಹಾಕುವ ಡಿಜಿಟಲ್ ಕೀಲಿಗಳು ಯಾರ ಹತ್ತಿರ ಇವೆ? ಮೂರೇ ಜನ, ಅವರೂ ಹಳೇ ಗೆಳೆಯರು ಅಂತಾದರೆ ಅಧ್ಯಕ್ಷರು ಇದ್ದಾರೆ, ಬೋರ್ಡ್ ಹಾಕಿಲ್ಲ ಅಷ್ಟೇ. ವಿಚಾರಿಸಿ, ಮುಂದಿನ ಪತ್ರದಲ್ಲಿ ಬರೆಯಿರಿ.